ಮೇಷ್ಟ್ರ ಪಾಠ, ನಮ್ಮವ್ವನ ಉಪ್ಪಿಟ್ಟು

ಅಲ್ಲ ಕಣಮ್ಮಿ, ಟ್ಯೂಷನ್ ಮಿಸ್ಸು "ಗೊತ್ತಾಯ್ತಾ?" ಅಂತ ಕೇಳ್ದಾಗ "ಗೊತ್ತಾಯ್ತು ಮಿಸ್" ಅಂದ್ಬುಟ್ಟು, ಮನೆಗ್ ಬಂದು ಮೂತಿ ಊದುಸ್ಕಂಡು ಕುಂತ್ರೆ ಅವ್ರಿಗೇನು ಕನಸು ಬೀಳ್ತದಾ? ನಾನೂ ನಿನ್ ಥರಾನೇ ಇದ್ದೆ, ಅದ್ಕೇ ಯೋಳ್ತಿರಾದು. ಆ ಫೋನ್ ಅತ್ಲಾಗ್ ಮಡುಗು. ನಾನು ಎಂಟ್ನೇ ಕ್ಲಾಸು, ಅಲ್ಲಲ್ಲ, ಎಸ್ಸೆಸ್ಸೆಲ್ಸಿ. ಸ್ಕೂಲು ತೆರಕಣಾಂಬೀಲಿ, ನಮ್ಮೂರಿಂದ ಬಸ್ಸಲ್ಲಿ ಓಗ್ಬೇಕು. ಲೆಕ್ಕ ಅಂದ್ರೆ ನಾನು ಪುಸ್ತಕಾನೇ ಮುಚ್ಚಿಡ್ತಿದ್ದೆ. ಅರ್ಧ ವರ್ಷದ ಪರೀಕ್ಷೇಲಿ ಫೇಲು. ನಮ್ಮಪ್ಪ ಒಂದೇ ಮಾತು ಅಂದ್ಬುಟ್ಟ, "ದೊಡ್ಡ ಪರೀಕ್ಷೇಲೂ ಇಂಗೇ ಆದ್ರೆ ಕುದೇರು ಊರಿಂದ ಕೇಳ್ತಿರೋ ಗಂಡಿಗೆ ಮಾತು ಕೊಟ್ಬುಡ್ತೀನಿ, ಆಮೇಲ್ ಅಳ್ಬೇಡ." ಗಂಡು ಒಳ್ಳೇವ್ನೇ, ಇಲ್ಲ ಅನ್ನಕಾಗಕಿಲ್ಲ, ಆದ್ರೆ ನಂಗೆ ಆವಾಗ್ಲೇ ಮದ್ವೆ ಬ್ಯಾಡ್ವಾಗಿತ್ತು. ರಾತ್ರೆ ನಿದ್ದೆ ಬರ್ತಿರ್ನಿಲ್ಲ.

ನಮ್ ಲೆಕ್ಕದ ಮೇಷ್ಟ್ರು ಸಂಜೆ ಸ್ಪೆಷಲ್ ಕ್ಲಾಸ್ ಮಾಡೋರು. ಆದ್ರೆ ನಮ್ಮೂರಿನ ಕಡೇ ಬಸ್ಸು ಅಷ್ಟೊತ್ಗೇ ಹೊಂಟೋಗದು. ಮೇಷ್ಟ್ರಿಗೆ ಇದು ಗೊತ್ತಾಯ್ತು ನೋಡು, "ನೀನು ಬರಕ್ಕಾಗದೇ ಇದ್ರೆ ನಾನೇ ಭಾನುವಾರ ನಿಮ್ಮೂರಿಗೆ ಬರ್ತೀನಿ" ಅಂದ್ರು. ಸೈಕಲ್ ತುಳ್ಕಂಡು ಬಂದೇ ಬುಟ್ರು! ನಮ್ಮವ್ವನ ಸಂಭ್ರಮ ಕೇಳ್ಬೇಡ. ಜಗ್ಲಿಗೆ ಕುರ್ಚಿ ಹಾಕ್ದ್ಲು, ಮೇಲೊಂದು ಟವಲ್ ಹಾಸುದ್ಲು, "ಬನ್ನಿ ಬುದ್ದಿ, ಕುತ್ಕಳಿ ಬುದ್ದಿ" ಅಂತ ಉಪ್ಪಿಟ್ಟು ಮಾಡಕ್ ಒಳಿಕ್ ಓದ್ಲು. ಮೇಷ್ಟ್ರು ಬಂದವ್ರೆ ಅಂದ್ರೆ ಊರು ಸುಮ್ಕಿರ್ತದಾ? ಒಬ್ಬ ಬಂದ, "ಸಾ, ಕರೆಂಟಾಫೀಸಿಗೆ ಒಂದು ಅರ್ಜಿ." ಇನ್ನೊಬ್ಳು ಬಂದ್ಲು, "ನಮ್ ಮಗೀಗೆ ಒಂದು ಹೆಸ್ರು ಹೇಳಿ ಸಾ, ಈಗಿನ ಕಾಲದ್ದು." ನಾನು ಪುಸ್ತಕ ತೊಡೆ ಮ್ಯಾಲ್ ಇಟ್ಕಂಡು ಕಾಲ್ ಕುಣುಸ್ತಾ ಕುಂತಿದ್ದೆ. ಬಿಸ್ಲು ಇಳೀತಾ ಅದ, ಇವ್ರು ಏಳಂಗಿಲ್ಲ. ಕೊನೀಗೆ ಚೂರು ಪಾಠ. "ಗೊತ್ತಾಯ್ತೇನಮ್ಮ?" ಅಂದ್ರೆ ನಾನು ತಲೆ ಅಲ್ಲಾಡ್ಸೋದು. ಮೇಷ್ಟ್ರ ಮುಂದೆ ಗೊತ್ತಾಗ್ನಿಲ್ಲ ಅನ್ನೋದು ಮರ್ಯಾದೆ ಕೆಟ್ಟವ್ರ ಮಾತು ಅಂತಾನೇ ನಮ್ಮನ್ನ ಬೆಳ್ಸಿದ್ದು. ತಡಿ ಅಮ್ಮಿ, ಅಡ್ಗೆ ಮನೇಲಿ ಕುಕ್ಕರ್ ಕೂಗ್ತಾ ಅದ, ನಿಮ್ಮವ್ವನ್ಗೆ ಆರ್ಸಕ್ ಯೋಳು. ಇಂಗೇ ಭಾನುವಾರಗಳು ಕಳ್ದೋದ್ವು.

ಪರೀಕ್ಷೆ ಹತ್ರ ಬಂತು. ಆವತ್ತೂ ಅಂಗೇ, ಜಗ್ಲಿ ತುಂಬ ಜನ, ಅವ್ವ ತಟ್ಟೆ ಹಿಡ್ಕಂಡು, "ಇನ್ನೊಂಚೂರು ಆಕಸ್ಕಳಿ ಬುದ್ದಿ." ಮೇಷ್ಟ್ರು ನನ್ ಕಡೆ ತಿರುಗ್ಕಂಡು, "ಹೋದ್ವಾರದ್ದು ಗೊತ್ತಾಗಿದೆ ತಾನೇ?" ಅಂದ್ರು. ನಂಗ್ ಏನಾಯ್ತೋ ಕಾಣೆ, ಎದ್ ನಿಂತ್ಕಂಡು ಕಿರ್ಚ್ಬುಟ್ಟೆ, "ಗೊತ್ತಾಗ್ನಿಲ್ಲ ಸಾ! ಒಂದೂ ಗೊತ್ತಾಗ್ನಿಲ್ಲ! ಇವ್ರೆಲ್ಲಾ ನಿಮ್ಮನ್ನ ಮಾತಾಡುಸ್ತಾವ್ರೆ, ನಂಗೇ ನೀವು ಸಿಕ್ತಿಲ್ಲ!" ಅವ್ವ ಬಂದು ಬೆನ್ನಿಗೊಂದು ಗುದ್ದುದ್ಲು, "ಎದುರ್ ಮಾತಾಡ್ತೀಯಾ, ಅದೂ ಮೇಷ್ಟ್ರಿಗೆ!" ಅಂತ. ಮೇಷ್ಟ್ರು ತಟ್ಟೆ ಕೆಳಗಿಟ್ರು. "ಹೊಡೀಬೇಡೀಮ್ಮ. ಈ ಮಾತು ಇವಳ ಬಾಯಲ್ಲಿ ಬರಲಿ ಅಂತಾನೇ ನಾನು ಕಾಯ್ತಿದ್ದಿದ್ದು" ಅಂದ್ರು. ಕುರ್ಚಿ ಬುಟ್ಟು ನೆಲದ್ ಮೇಲೆ ನನ್ ಪಕ್ಕ ಕುಂತ್ರು ಕಣಮ್ಮಿ. ಅವ್ವ ಹೌಹಾರೋದ್ಲು. "ಎಲ್ಲಿಂದ ಗೊತ್ತಾಗಿಲ್ಲ, ಹೇಳು." "ಭಿನ್ನರಾಶಿಯಿಂದ್ಲೂ ಸಾ." ನಗ್ಲಿಲ್ಲ, ಬೈಲಿಲ್ಲ. ಅಲ್ಲಿಂದ್ಲೇ ಶುರು ಮಾಡುದ್ರು. ಕೇಳಿದ್ದನ್ನೇ ತಿರ್ಗಾ ಕೇಳುದ್ರೂ ಮುಖ ಸಿಂಡರಿಸ್ಲಿಲ್ಲ. ಅಂಥ ಮೇಷ್ಟ್ರು ಸಿಕ್ಕಿದ್ದು ನನ್ ಪುಣ್ಯ. ಆಮೇಲಿಂದ ನಮ್ಮವ್ವಾನೇ ಪೊರಕೆ ಹಿಡ್ಕಂಡು ಬಾಗ್ಲಲ್ಲಿ ನಿಂತ್ಕಳೋಳು, "ಅರ್ಜಿಗಿರ್ಜಿ ನಾಳೆ ಸ್ಕೂಲ್ತಾವ್ ಓಗಿ, ಈಗ ನಮ್ ಉಡ್ಗಿ ಪಾಠ!"

ಲೆಕ್ಕದಲ್ಲಿ ಅಂಗೂ ಇಂಗೂ ಪಾಸಾದೆ, ಆದ್ರೂ ಪಾಸು ಪಾಸೇ. ಕುದೇರಿನವ್ರು ಬೇರೆ ಕಡೆ ಎಣ್ಣು ನೋಡ್ಕಂಡ್ರು. ಆ ಪಾಸಿಂದ್ಲೇ ಅಂಗನವಾಡಿ ಕೆಲ್ಸ ಸಿಕ್ತು ನಂಗೆ. ಅಲ್ಲಿ ಮಕ್ಳು ಯಾವ್ದಾದ್ರೂ "ಅದ್ಯಾಕೆ ಟೀಚರ್?" ಅಂತ ಪ್ರಾಣ ತಿಂದ್ರೆ ನಂಗೆ ಖುಷಿ. ಮೂಲೇಲಿ ಕುಂತು ಸುಮ್ನೆ ತಲೆ ಅಲ್ಲಾಡ್ಸೋವು ಇರ್ತವಲ್ಲ, ಅವುನ್ನ ಕಂಡ್ರೇ ಸಂಕಟ ಆಗದು. ಏನ್ ನೋಡ್ತೀಯ? ಏಳು, ಚಪ್ಲಿ ಮೆಟ್ಕೊ. ಆ ಮಿಸ್ಸಿನ ಮನೆ ಇನ್ನೂ ಬಾಗ್ಲಾಕಿರಲ್ಲ. ಓಗಿ ಗೊತ್ತಾಗ್ನಿಲ್ಲ ಅನ್ನು. ಬಾಯ್ಬುಟ್ಟು ಕೇಳೋದೇ ಮೇಷ್ಟ್ರಿಗೆ ಕೊಡೋ ಮರ್ಯಾದೆ ಕಣಮ್ಮಿ, ಓಗು.