ಕೈಮರದ ಬಾವಿಯ ಅಜ್ಜ

ನೀವೆಲ್ಲ ಈಗ ಸೊರಬದ ರಸ್ತೆಯಲ್ಲಿ ಆ ಕೈಮರದ ಬಾವಿ ದಾಟಿಕೊಂಡೇ ಬಂದಿರಲ್ಲ... ರಾಟೆ ತಿರುಗುವ ಸದ್ದೇನಾದರೂ ಕೇಳಿಸಿತೇ? ಇಲ್ಲವಾ. ಒಳ್ಳೆಯದಾಯಿತು. ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ದೀಪ ಸಣ್ಣಗಿರಲಿ. ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಿ, ನಡುವೆ ನಕ್ಕರೆ ನಾನು ಎದ್ದು ಮಲಗಲು ಹೋಗುತ್ತೇನೆ. ಇದು ಕಟ್ಟಿದ ಕತೆಯಲ್ಲ. ನಮ್ಮ ಎದುರು ಮನೆಯ ಜಹಾಂಗೀರನಿಗೆ ಆದದ್ದು. ಐವತ್ತೆಂಟನೇ ಇಸವಿ, ಇದೇ ಶಿಕಾರಿಪುರ.

ಜಹಾಂಗೀರನ ಅಪ್ಪ ಉಸ್ಮಾನ್ ಸಾಬ್ ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಹುಡುಗ ಚಿಕ್ಕಂದಿನಿಂದ ತಿದಿ ಒತ್ತುತ್ತಾ, ಕಲಾಯಿಗೆ ಹಾಕುವ ನವಸಾಗರದ ಹೊಗೆ ಕುಡಿಯುತ್ತಾ ಬೆಳೆದವನು. ಇಪ್ಪತ್ತು ದಾಟುವ ಹೊತ್ತಿಗೆ ಎದೆ ಹಾಳಾಯಿತು. ಉಸಿರೆಳೆದರೆ ಕುಂಯ್... ಬಿಟ್ಟರೆ ಕುಂಯ್. ರಾತ್ರಿ ನಮ್ಮ ಮನೆಯ ಜಗಲಿಗೂ ಅದು ಕೇಳುತ್ತಿತ್ತು. ಈ ಹೊಗೆ ಬಿಡದಿದ್ದರೆ ಹುಡುಗ ಬಹಳ ದಿನ ಬಾಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ತಾಯಿ ಸರ್ವರ್ ಬೀ ಅತ್ತಿದ್ದು ನಾನೇ ನೋಡಿದ್ದೇನೆ. ಆದರೆ ಹೊಗೆ ಬಿಟ್ಟು ಬೇರೇನು ಮಾಡುವುದು? ಕಲಿತದ್ದು ಅದೊಂದೇ ಕೆಲಸ.

ಆಗ ಒಂದು ಸುದ್ದಿ ಬಂತು. ಸೊರಬದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ನಾಗರಾಜಪ್ಪನವರಿಗೆ ಒಬ್ಬ ಆಳು ಬೇಕಂತೆ. ಗುಡವಿ, ಹೊಸಬಾಳೆ ಕಡೆ ಹಳ್ಳಿಗಳನ್ನು ಸೈಕಲ್ಲಿನ ಮೇಲೆ ಸುತ್ತಿ, ಯಾರ ಮನೆಯಲ್ಲಿ ಎಂಥ ಭತ್ತ ಇದೆ ಎಂದು ನೋಡಿ ಬರಬೇಕು. ಹೊಗೆಯಿಲ್ಲ, ಬಯಲ ಗಾಳಿ. ಶರತ್ತು ಒಂದೇ. ಶಿಕಾರಿಪುರದಿಂದ ಸೊರಬದವರೆಗೆ ಸೈಕಲ್ ತುಳಿದುಕೊಂಡೇ ಬಂದು ಅವರ ಮುಂದೆ ನಿಲ್ಲಬೇಕು. ಎರಡು ತಿಂಗಳಾಚೆ ಒಂದು ದಿನ ಗೊತ್ತುಮಾಡಿದ್ದರು, ಆ ದಿನ ಯಾರು ಮೊದಲು ಬಂದರೆ ಅವರಿಗೆ ಕೆಲಸ.

ಜಹಾಂಗೀರನಿಗೆ ಸೈಕಲ್ ಬರುತ್ತಿರಲಿಲ್ಲ. ಅವನ ಗೆಳೆಯ ಶೇಷಪ್ಪನಿಗೂ ಬರುತ್ತಿರಲಿಲ್ಲ.

ಈ ಶೇಷಪ್ಪ ಊರಂಚಿನ ಒಕ್ಕಲು ಮನೆಯವನು. ಇಬ್ಬರೂ ಸಣ್ಣವರಿದ್ದಾಗಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಹಬ್ಬಕ್ಕೆ ಇವನು ಅಲ್ಲಿ, ಅವನು ಇಲ್ಲಿ. ಅವನ ಮನೆಯಲ್ಲಿ ಅಣ್ಣತಮ್ಮಂದಿರು ಹೆಚ್ಚು, ಜಮೀನು ಕಡಿಮೆ. ಅವನಿಗೂ ಕೆಲಸ ಬೇಕಿತ್ತು. "ಇಬ್ರೂ ಕಲಿಯೋಣ, ಇಬ್ರೂ ಹೋಗೋಣ. ಯಾರಿಗೆ ಸಿಕ್ಕಿದ್ರೂ ಇನ್ನೊಬ್ಬ ಮುಖ ಊದಿಸ್ಕಬಾರ್ದು" ಎಂದು ಕೈಮೇಲೆ ಕೈ ಹಾಕಿ ಹೇಳಿದವನು ಶೇಷಪ್ಪನೇ. ಇದನ್ನು ನೆನಪಿಟ್ಟುಕೊಳ್ಳಿ.

ಬಡೇಸಾಬರ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಕಲಿಯುವವರಿಗೆ ಕೊಡಲು ಹಸಿರು ಬಣ್ಣದ ಸೈಕಲ್ ಒಂದೇ ಇತ್ತು. ಅದಕ್ಕೆ ದೀಪವಿಲ್ಲ, ಸ್ಟ್ಯಾಂಡಿಲ್ಲ. ಅಂಗಡಿ ಮುಚ್ಚಿದ ಮೇಲೆ ಅದನ್ನು ಕೊಡುತ್ತಿದ್ದರು, ಒಂದು ರಾತ್ರಿ ಇವನಿಗೆ, ಒಂದು ರಾತ್ರಿ ಅವನಿಗೆ. ಹಗಲು ಕಲಿಯಲು ಇಬ್ಬರಿಗೂ ನಾಚಿಕೆ. ಮೀಸೆ ಬಂದವರು ಬಿದ್ದರೆ ಊರು ಬಿಡುತ್ತದೆಯೇ?

ಮೊದಲು ಒಳಗಾಲು ಹಾಕಿ ತುಳಿದರು. ಆಮೇಲೆ ಬಾರಿನ ಮೇಲೆ. ಆಮೇಲೆ ಸೀಟು. ಜಹಾಂಗೀರ್ ಗಿಡ್ಡ ಆಳು, ಸೀಟಿನ ಮೇಲೆ ಕೂತರೆ ಕಾಲು ನೆಲಕ್ಕೆ ಸಿಗುತ್ತಿರಲಿಲ್ಲ. ಇಬ್ಬರಿಗೂ ಓಡಿಸುವುದು ಬಂತು, ಇಳಿಯುವುದು ಮಾತ್ರ ಬರಲೇ ಇಲ್ಲ. ಮೈಲಿಗಲ್ಲು ಕಂಡರೆ ಅದರ ಮೇಲೆ ಕಾಲಿಟ್ಟು ನಿಲ್ಲಿಸಬೇಕು, ಅದರ ಮೇಲಿಂದಲೇ ಮತ್ತೆ ಹತ್ತಬೇಕು. ಹೀಗಾಗಿ ಅವರ ಲೆಕ್ಕವೆಲ್ಲ ಕಲ್ಲಿನದೇ. ಬೆಳಗ್ಗೆ ಬಡೇಸಾಬರ ಅಂಗಡಿ ಮುಂದೆ ಚಹಾ ಕುಡಿಯುತ್ತಾ ಒಬ್ಬರಿಗೊಬ್ಬರು ವರದಿ ಒಪ್ಪಿಸುತ್ತಿದ್ದರು.

"ನಿನ್ನೆ ಎಷ್ಟನೇ ಕಲ್ಲೋ?"

"ಮೂರು. ಎದೆ ಹಿಡ್ಕಂಬಿಡ್ತು. ಮೊನ್ನೆ ನಿಂದು?"

"ಐದು."

ಜಹಾಂಗೀರ್ ಐದಕ್ಕೆ ಹೋಗಿ ಬರುವಷ್ಟರಲ್ಲಿ ಶೇಷಪ್ಪನದು ಏಳು. ಇವನು ಏಳು ಮುಟ್ಟಿದರೆ ಅವನದು ಒಂಬತ್ತು. ಇವನಿಗೆ ಹೊಟ್ಟೆಕಿಚ್ಚಿಲ್ಲ, ಅವನಿಗೆ ಆದದ್ದು ನನಗೂ ಆಗಬೇಕು ಎನ್ನುವ ಹಟ. ತುಳಿದ, ಕೆಮ್ಮಿದ, ಮತ್ತೆ ತುಳಿದ. ಆಶ್ಚರ್ಯ ಏನು ಗೊತ್ತೇ? ಎರಡು ತಿಂಗಳಲ್ಲಿ ಆ ಕುಂಯ್ ಸದ್ದು ತಗ್ಗಿತು. ತೊಡೆ ಗಟ್ಟಿಯಾಯಿತು. ಸರ್ವರ್ ಬೀ ನಮ್ಮ ಮನೆಗೆ ಬಂದು, "ಮಗ ರಾತ್ರಿ ನಿದ್ದೆ ಮಾಡ್ತಾನ್ರೀ ಈಗ" ಎಂದು ಹೇಳಿ ಹೋದರು. ಅದಕ್ಕೆಲ್ಲ ಶೇಷಪ್ಪನೇ ಕಾರಣ ಎಂದು ಜಹಾಂಗೀರ್ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ.

ಸೊರಬಕ್ಕೆ ಹೊರಡುವ ದಿನ ಹತ್ತಿರ ಬಂತು. ಆಗ ಒಂದು ಬೆಳಗ್ಗೆ ಶೇಷಪ್ಪ ಹೇಳಿದ.

"ರಾತ್ರಿ ತಾಳಗುಂದದ ಕೈಮರ ಮುಟ್ಟಿ ಬಂದೆ ಕಣೋ."

ತಾಳಗುಂದಕ್ಕೆ ತಿರುಗುವಲ್ಲಿ ದಾರಿ ತೋರಿಸಲು ನೆಟ್ಟ ಮರದ ಕೈಮರ ಅದು. ಅಲ್ಲಿ ರಸ್ತೆ ಕಡಿದಾಗಿ ಇಳಿದು, ಕೊನೆಗೆ ಸರಕ್ಕನೆ ತಿರುಗುತ್ತಿತ್ತು. ತಿರುಗದೇ ಹೋದರೆ ನೇರ ಕೆರೆ ಏರಿಯ ಕೆಳಗೆ, ಕಲ್ಲುಗಳ ಮೇಲೆ.

"ಅಲ್ಲಿ ಮೈಲಿಗಲ್ಲಿಲ್ಲ. ಹೆಂಗೆ ಇಳ್ದೆ ನೀನು?"

ಶೇಷಪ್ಪ ಚಹಾ ಊದಿದ. ಇನ್ನೊಮ್ಮೆ ಊದಿದ.

"ಇಳಿಜಾರಿನಾಗೆ ಆಲದ ಮರ ಐತಲ್ಲ, ಅದರ ಬುಡಕ್ಕೆ ಬಾವಿ. ಒಬ್ಬ ಅಜ್ಜ ಇರ್ತಾನೆ. ರಾತ್ರಿ ನೀರು ಸೇದ್ತಿರ್ತಾನೆ. 'ಅಜ್ಜಾ ಹಿಡಿ' ಅಂದ್ರೆ ಸಾಕು, ಹಿಂದಿಂದ ಸೀಟ್ ಹಿಡ್ದು ನಿಲ್ಲಿಸ್ತಾನೆ. ಪಾಪ, ಬಲಗೈಗೆ ಹೆಬ್ಬೆಟ್ಟಿಲ್ಲ. ಆದ್ರೂ ಏನು ಹಿಡಿತ ಅಂತೀಯ."

"ಬ್ರೇಕ್ ಸರಿ ಇಲ್ಲ ಮಾರಾಯ ಆ ಗಾಡೀದು."

"ಬ್ರೇಕ್ ಯಾಕೋ, ಅಜ್ಜ ಇರ್ವಾಗ? ಇವತ್ತು ನೀನು ಹೋಗಿ ಬಾ. ಆ ಇಳಿಜಾರು ಇಳ್ದುಬಿಟ್ರೆ ಸೊರಬ ಏನೂ ಅಲ್ಲ."

ಹೆಬ್ಬೆಟ್ಟಿಲ್ಲ ಎಂದು ಯಾರಾದರೂ ಸುಳ್ಳು ಹೇಳುತ್ತಾರೆಯೇ, ನೀವೇ ಹೇಳಿ. ಜಹಾಂಗೀರ್ ನಂಬಿದ.

ಆ ರಾತ್ರಿ ಅರ್ಧ ಚಂದ್ರ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಚೈನು ಕಿರಿಕ್... ಕಿರಿಕ್... ಹಿಂದಿನ ಮಡ್‌ಗಾರ್ಡು ಗಡಗಡ. ಒಂಬತ್ತನೇ ಕಲ್ಲು ದಾಟಿದಾಗಲೂ ಎದೆ ಸುಮ್ಮನಿತ್ತು. ಅವನಿಗೆ ಹಾಡು ಬಂತಂತೆ ಬಾಯಿಗೆ.

ಕೈಮರ ಕಂಡಿತು. ಮುಂದೆ ಇಳಿಜಾರು. ಪೆಡಲ್ ನಿಲ್ಲಿಸಿದ. ಚಕ್ರ ಟಕಟಕಟಕ ಎಂದು ತಾನೇ ಓಡಿತು. ಬ್ರೇಕ್ ಒತ್ತಿದರೆ ಉಸ್... ಎಂದಿತು, ಹಿಡಿಯಲಿಲ್ಲ. ಮರದ ನೆರಳು ಬಂತು. ರಸ್ತೆಯೇ ಕಾಣದು. ಆಗ ಕೇಳಿಸಿತು. ಕಿರ್ರ್... ಕಿರ್ರ್... ರಾಟೆ. ಯಾರೋ ನೀರು ಸೇದುತ್ತಿದ್ದಾರೆ. ಜಹಾಂಗೀರನಿಗೆ ಹೋದ ಜೀವ ಬಂತು.

"ಅಜ್ಜಾ... ಹಿಡೀರಿ!"

ರಾಟೆ ನಿಂತಿತು.

ಸೈಕಲ್ ನಿಧಾನವಾಯಿತು. ಧಕ್ಕೆಯಿಲ್ಲ, ಕುಲುಕಿಲ್ಲ. ಹುಲ್ಲಿನ ಬಣವೆಗೆ ಒರಗಿದ ಹಾಗೆ ನಿಂತುಬಿಟ್ಟಿತು. ಮುಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ ಏರಿಯ ಅಂಚು.

"ಇಳಿ."

ಹಿಂದಿನಿಂದ ಬಂದ ದನಿ. ಪಿಸುಮಾತು. ಜಹಾಂಗೀರ್ ಇಳಿದ. ತಲೆ ತುಂಬ ಕಂಬಳಿ ಹೊದ್ದ ಒಬ್ಬರು ನಿಂತಿದ್ದರು, ಮುಖ ಕಾಣಲಿಲ್ಲ. ಸೀಟಿನ ಮೇಲೆ ಕೈ ಇತ್ತು. ಕೈಯಿಂದ ನೀರು ತೊಟ್... ತೊಟ್... ಎಂದು ಬೀಳುತ್ತಿತ್ತು.

"ಬಹಳ ಉಪಕಾರ ಆಯ್ತು ಅಜ್ಜಾ. ನೀವಿರ್ತೀರಿ ಅಂತ ನಮ್ಮ ಶೇಷಪ್ಪ ಹೇಳಿದ್ದ."

ಕಂಬಳಿಯೊಳಗಿನ ತಲೆ ಅತ್ತಿತ್ತ ಆಡಿತು.

"ಬಂದಿದ್ನಲ್ರೀ ನಿನ್ನೆ, ಇದೇ ಸೈಕಲ್ಲಿನಾಗೆ..."

"ಯಾರೂ ಬಂದಿಲ್ಲ."

"ಅಲ್ಲ ಅಜ್ಜಾ, ಶೇಷಪ್ಪ ಅಂತ..."

"ಈ ಗಾಡಿ ಇಲ್ಲಿಗೆ ಬಂದಿದ್ದು ಇವತ್ತೇ." ಮತ್ತೆ ಪಿಸುಮಾತು. "ನಾ ಹಿಡೀತೀನಿ ಅಂತ ಅವನೇ ಅಂದಾನಲ್ಲ... ಅವಂದೂ ಹಿಡೀತೀನಿ ಅಂತ ಹೇಳು."

ಹೆದರಿಕೆ ಆಮೇಲೆ ಬಂತು ಎಂದು ಜಹಾಂಗೀರ್ ನನಗೆ ಹೇಳಿದ್ದಾನೆ. ಆ ಕ್ಷಣಕ್ಕೆ ಅವನು ಏರಿಯ ಅಂಚನ್ನೇ ನೋಡುತ್ತಾ ನಿಂತಿದ್ದ. ಕೆಳಗೆ ಕಲ್ಲುಗಳು ಬೆಳ್ಳಗೆ ಕಾಣುತ್ತಿದ್ದವು. ಶೇಷಪ್ಪ ಇಲ್ಲಿಗೆ ಬಂದೇ ಇಲ್ಲ. ಹಾಗಾದರೆ ಯಾಕೆ ಹೇಳಿದ? ನನ್ನನ್ನು ಯಾಕೆ ಕಳಿಸಿದ?

ಅಜ್ಜ ಅವನನ್ನು ಹತ್ತಿಸಿ, ದಿಬ್ಬದ ಮೇಲಕ್ಕೆ ತಳ್ಳಿದರು. ಹಿಂದೆ ಹೆಜ್ಜೆ ಸಪ್ಪಳವಿಲ್ಲ. ನೀರು ತೊಟ್ಟಿಕ್ಕುವ ಸದ್ದು ಮಾತ್ರ. ಮೇಲೆ ಬಂದ ಮೇಲೆ ಕಿವಿಯ ಹತ್ತಿರವೇ, "ಬಿಟ್ಟೆ."

ಹಿಂತಿರುಗಿ ಬರುವಾಗ ನಾಲ್ಕನೇ ಕಲ್ಲಿನ ಹತ್ತಿರ ಇಳಿದ. ಪಕ್ಕದ ಮೋರಿಯ ಮೇಲೆ ಸುಧಾರಿಸಿಕೊಳ್ಳಲು ಕೂತರೆ, ಕೈಗೆ ಸಿಕ್ಕಿದ್ದು ಸೇದಿ ಬಿಸಾಡಿದ ಬೀಡಿ ತುಂಡುಗಳು, ಶೇಷಪ್ಪ ಸೇದುವ ಕೆಂಪು ದಾರದವು. ಒಂದೆರಡಲ್ಲ, ರಾಶಿ. ಎರಡು ತಿಂಗಳು ರಾತ್ರಿ ಶೇಷಪ್ಪ ಎಲ್ಲಿ ಕೂತಿರುತ್ತಿದ್ದ ಎಂದು ಗೊತ್ತಾಗಲು ಇನ್ನೇನು ಬೇಕು? ಅಲ್ಲಿಂದ ಜಹಾಂಗೀರ್ ಹತ್ತಲಿಲ್ಲ. ಸೈಕಲ್ ತಳ್ಳಿಕೊಂಡು, ಅಳುತ್ತಾ ನಡೆದು ಬಂದ.

ಬೆಳಗ್ಗೆ ಬಡೇಸಾಬರ ಅಂಗಡಿಗೆ ಶೇಷಪ್ಪ ಬಂದ. ನಾನು ಅಲ್ಲೇ ಇದ್ದೆ, ಪಂಕ್ಚರ್ ಹಾಕಿಸುತ್ತಿದ್ದೆ. ಬಂದವನು ಜಹಾಂಗೀರನ ಮುಖ ನೋಡಲಿಲ್ಲ. ಮೊದಲು ನೋಡಿದ್ದು ಕಾಲು. ಎರಡೂ ಕಾಲು ನೋಡಿದ, ಆಮೇಲೆ ಕೈ ನೋಡಿದ.

"ಹೋಗಿದ್ದೆ ಕೈಮರಕ್ಕೆ. ಅಜ್ಜ ಹಿಡ್ದ" ಎಂದ ಜಹಾಂಗೀರ್.

"ಯಾವ ಅಜ್ಜ?"

ಬಾಯಿ ತಪ್ಪಿ ಬಂದುಬಿಟ್ಟಿತು ಅದು. ಬಡೇಸಾಬರು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು, "ಆ ಬಾವಿಗೆ ರಾಟೆ ಎಲ್ಲಿದೆ ಬೇಟಾ? ಹೂಳು ತುಂಬಿ ಎಷ್ಟು ವರ್ಷ ಆಯ್ತು. ಅಲ್ಲಿ ಯಾರೂ ಇರಲ್ಲ" ಎಂದರು.

"ಬಲಗೈಗೆ ಹೆಬ್ಬೆಟ್ಟಿಲ್ದ ಅಜ್ಜ. ನೀನೇ ಹೇಳಿದ್ಯಲ್ಲೋ."

ಶೇಷಪ್ಪನ ಮುಖ ಸುಣ್ಣವಾಯಿತು. "ಅದು ನಾನು ಸುಮ್ನೆ... ಬಾಯಿಗೆ ಬಂದಿದ್ದು ಹೇಳ್ದೆ ಕಣೋ."

"ಯಾಕೆ?"

ಶೇಷಪ್ಪ ನೆಲ ನೋಡುತ್ತಾ ಹೇಳಿದ. "ಕಾಲು ಉಳುಕ್ತದೆ ಅಂದ್ಕಂಡಿದ್ದೆ. ನೀನು ಒಂದು ವಾರ ಮಲಗ್ತಿದ್ದೆ. ಅಷ್ಟೇ."

"ನನ್ನ ಎದೆ ಕತೆ ನಿನಗೆ ಗೊತ್ತಿತ್ತಲ್ಲೋ ಶೇಷ."

ಜಹಾಂಗೀರ್ ಹೊಡೆಯಲಿಲ್ಲ, ಬೈಯಲಿಲ್ಲ. ಎದ್ದು ಹೊರಟವನು ತಿರುಗಿ ಒಂದೇ ಮಾತು ಹೇಳಿದ. "ಅಜ್ಜ ಹೇಳಿ ಕಳಿಸಿದಾನೆ. ನಿಂದೂ ಹಿಡೀತಾನಂತೆ."

ಮಾರನೆಯ ದಿನವೇ ಸೊರಬಕ್ಕೆ ಹೋಗುವುದು. ಹಸಿರು ಸೈಕಲ್ಲನ್ನು ಶೇಷಪ್ಪ ಹಿಂದಿನ ಸಂಜೆಯೇ ಒಯ್ದಿದ್ದ. ಜಹಾಂಗೀರ್ ಬಡೇಸಾಬರು ಕೊಟ್ಟ, ಬ್ರೇಕ್ ಸರಿಯಿದ್ದ ಕರಿ ಸೈಕಲ್ ಹತ್ತಿ ನಸುಕಿಗೇ ಹೊರಟ. ಕೈಮರ ಇನ್ನು ಸ್ವಲ್ಪ ದೂರ ಇರುವಾಗ ಹಿಂದಿನಿಂದ ಬಸ್ಸು ಬಂತು. ಪೋಂ... ಪೋಂ... ಧೂಳೆಬ್ಬಿಸಿಕೊಂಡು ದಾಟಿ ಹೋಯಿತು. ಮೇಲೆ ನೋಡಿದರೆ ಟಾಪಿನ ಮೇಲೆ ಹಗ್ಗದಿಂದ ಕಟ್ಟಿದ ಹಸಿರು ಸೈಕಲ್. ಕಿಟಕಿಯಲ್ಲಿ ಒಂದು ತಲೆ, ಟವೆಲ್ ಹೊದ್ದುಕೊಂಡು ಕೆಳಗೆ ಬಗ್ಗಿತು. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿಂದ ತುಳಿದುಕೊಂಡು ಗಿರಣಿಗೆ ಹೋಗುವ ಹುನ್ನಾರ. ಇವನು ಎರಡು ತಿಂಗಳು ಬೆವರು ಹರಿಸಿದ್ದು ಗಾಳಿಗೆ ಹೋಯಿತು. ಜಹಾಂಗೀರನ ಕಣ್ಣಿಗೆ ಧೂಳು ಹೋಗಿತ್ತು, ನೀರು ಬಂದದ್ದು ಅದಕ್ಕೇ ಅಲ್ಲ. ಹಿಂದಕ್ಕೆ ತಿರುಗಿಬಿಡಲೇ ಎಂದುಕೊಂಡ. ಆದರೂ ತುಳಿದ.

ಕೈಮರ ಬಂತು. ಇಳಿಜಾರಿಗೆ ಬಂದ. ಬೆಳಕು ಹರಿದಿತ್ತು. ದೂರದ ದಿಬ್ಬದ ಮೇಲೆ ಬಸ್ಸು ಹತ್ತುತ್ತಿರುವುದು ಕಾಣುತ್ತಿತ್ತು, ನಡುವೆ ಎಲ್ಲೂ ನಿಂತ ಬಸ್ಸಲ್ಲ ಅದು.

ಆಲದ ಮರದ ಕೆಳಗೆ, ರಸ್ತೆಯ ನಡುವೆ... ಹಸಿರು ಸೈಕಲ್ ನಿಂತಿತ್ತು.

ಒರಗಿಕೊಂಡಿಲ್ಲ. ನೆಟ್ಟಗೆ ನಿಂತಿದೆ. ಅಕ್ಕಪಕ್ಕ ಯಾರೂ ಇಲ್ಲ. ಸೀಟಿನ ಕೆಳಗೆ ಮಣ್ಣು ಒದ್ದೆ. ತೊಟ್... ತೊಟ್... ಜಹಾಂಗೀರ್ ಬದಿಯಿಂದ ದಾಟಿದ. "ಸಲಾಂ ಅಜ್ಜಾ" ಎಂದ, ಅಷ್ಟೇ. ತಿರುಗಿ ನೋಡಲಿಲ್ಲ.

ಸೊರಬದಲ್ಲಿ ಬಸ್ ಸ್ಟ್ಯಾಂಡ್ ಮುಂದೆಯೇ ರಸ್ತೆ. ಜಗಳ ಮುಗಿಯದೆ ಇನ್ನೂ ಅಲ್ಲೇ ನಿಂತಿದ್ದ ಬಸ್ಸಿನ ಟಾಪಿನ ಮೇಲೆ ಕ್ಲೀನರ್ ಹಗ್ಗ ಹಿಡಿದು ಕೂತಿದ್ದ. "ಗಂಟು ಬಿಚ್ಚಿಲ್ರೀ. ನಾನು ಕಟ್ಟಿದ್ದು ಕಟ್ಟಿದಂಗೇ ಇದೆ. ಸೈಕಲ್ ಎಲ್ಲಿ ಅಂದ್ರೆ ನಾನೇನು ಹೇಳ್ಲಿ?" ಕೆಳಗೆ ಶೇಷಪ್ಪ, ಬೆವತು ನೀರಾಗಿ.

ಅಲ್ಲಿ ಕಲ್ಲಿರಲಿಲ್ಲ, ಹಿಡಿಯುವವರೂ ಇರಲಿಲ್ಲ. ಜಹಾಂಗೀರ್ ಕಾಲೆತ್ತಿ ತಾನೇ ಹಾರಿ ಇಳಿದ. ಮೊಣಕಾಲು ತರಚಿತು. ಇನ್ನು ಮೇಲೆ ಯಾರೋ ಹಿಡಿಯುತ್ತಾರೆಂದು ನಂಬಿ ಹತ್ತುವುದಿಲ್ಲ ಎಂದು ಆ ಗಳಿಗೆಗೇ ತೀರ್ಮಾನವಾಯಿತಂತೆ.

"ಜಹಾಂಗೀರಾ... ನನ್ನ ಸೈಕಲ್ ಕಂಡ್ಯೇನೋ?"

"ಕಂಡೆ. ಕೈಮರದ ಬಾವಿ ಹತ್ರ ನಿಂತದೆ. ಅಜ್ಜ ಹಿಡ್ಕಂಡಿದಾನೆ. ನೀನೇ ಹೋಗಿ ಇಸ್ಕೋ."

ಶೇಷಪ್ಪ ಹೋಗಲಿಲ್ಲ. ಕೆಲಸ ಜಹಾಂಗೀರನಿಗೆ ಆಯಿತು, ಎದೆಯೂ ಉಳಿಯಿತು. ಗೆಳೆತನ ಉಳಿಯಲಿಲ್ಲ. ಹಬ್ಬದ ದಿನ ಶೇಷಪ್ಪ ಬಂದು ಆ ಎದುರು ಮನೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಜಹಾಂಗೀರ್ ಎದ್ದು ಒಳಗೆ ಹೋಗುತ್ತಿದ್ದ. ಸರ್ವರ್ ಬೀ ಮಾತ್ರ ಒಂದು ಲೋಟ ಪಾಯಸ ಹೊರಗೆ ತಂದಿಡುತ್ತಿದ್ದರು.

ಅವರು ಸೊರಬಕ್ಕೆ ಹೋದ ಮಾರನೆಯ ದಿನ ಸೈಕಲ್ ತರಲು ಬಡೇಸಾಬರೂ ನಾನೂ ಗಾಡಿ ಕಟ್ಟಿಕೊಂಡು ಹೋದೆವು. ಹೌದು, ನಾನೂ ಹೋಗಿದ್ದೆ. ಅದಕ್ಕೇ ಹೇಳುತ್ತಿರುವುದು. ಒಂದು ಹಗಲು, ಒಂದು ರಾತ್ರಿ ಕಳೆದಿತ್ತು. ಸೈಕಲ್ ನಿಂತಲ್ಲೇ ನಿಂತಿತ್ತು, ಸ್ಟ್ಯಾಂಡಿಲ್ಲದ ಸೈಕಲ್. ಮೇಲೆ ಉರಿಬಿಸಿಲು. ನಾನು ಸೀಟು ಮುಟ್ಟಿ ನೋಡಿದೆ. ಹಿಂಬದಿಯ ತೊಗಲಿನ ಮೇಲೆ ನಾಲ್ಕು ಬೆರಳೂರಿದ ಒದ್ದೆ ಗುರುತಿತ್ತು. ಹೆಬ್ಬೆಟ್ಟು ಬರಬೇಕಾದ ಜಾಗ ಒಣಗಿತ್ತು.