ಅವಳಿಗಳಿಗೆ ಒಂದೇ ಡಬ್ಬ

ಹೊಲಿಗೆಯಾಕೆಗೆ ಕದ್ದು ಕೇಳುವ ಚಟವಿರಲಿಲ್ಲ. ಆದರೆ ಬಸ್ಸಿನ ಸಾಲಿನಲ್ಲಿ ಅವಳ ಮುಂದೆಯೇ ನಿಂತಿದ್ದ ಶಿಶುಕೇಂದ್ರದ ನರ್ಸು ಮತ್ತು ಅಲ್ಲಿಯ ಹೊಸ ಮುಖ್ಯಸ್ಥೆಯ ಮಾತು ತಾನಾಗಿ ಕಿವಿಗೆ ಬೀಳುತ್ತಿತ್ತು.

“ಅವಳಿ ಮಕ್ಕಳ ತಾಯಿ ಬಂದಿದ್ಳಾ, ಅಕ್ಕಾ?” ನರ್ಸು ಕೇಳಿದಳು.

“ಬಂದಿದ್ಳು. ಈ ಸಲ ಎರಡು ಮಕ್ಕಳಿಗೂ ಹಾಲಿನಪುಡಿ ಕೊಟ್ಟು ಕಳಿಸ್ದೆ.”

“ಅಬ್ಬಾ! ಕೇಂದ್ರಕ್ಕೆ ದುಡ್ಡು ಕೊಡೋ ಕಡಲಾಚೆಯವರು ಕೊನೆಗೂ ನಿಮ್ಮ ಮಾತಿಗೆ ಬೆಲೆ ಕೊಟ್ರು ಅನ್ನಿ.”

“ಬೆಲೆ ಎಲ್ಲಿ ಬಂತು? ತೂಕ ಕಮ್ಮಿ ಇರೋ ಮಗುಗೆ ಮಾತ್ರ ಡಬ್ಬ, ಎಲ್ಲಾ ದೇಶಕ್ಕೂ ಒಂದೇ ನಿಯಮ ಅಂತ ಫೋನಲ್ಲೇ ಬಾಯಿ ಮುಚ್ಚಿಸಿದ್ರು.”

“ಮತ್ತೆ ಇನ್ಮೇಲೆ ಊರವರೇ ನಡೆಸ್ಲಿ ಅಂತ ಅಷ್ಟುದ್ದ ಭಾಷಣ ಬಿಗಿದ್ರಲ್ಲ!”

“ಕುರ್ಚಿ ಕೊಟ್ರು ಕಣೇ. ಬೀಗದಕೈ ಅವರ ಸೊಂಟದಲ್ಲೇ ಇದೆ.”

ನರ್ಸು ನಕ್ಕಳು. ಮುಖ್ಯಸ್ಥೆ ನಗಲಿಲ್ಲ.

“ಹಾಗಾದ್ರೆ ಎರಡನೇ ಡಬ್ಬ ಹೇಗೆ ಕೊಟ್ರಿ?”

“ಗುಂಡುಗುಂಡಗಿದ್ದ ಮಗೂನೂ ಇಳಿದುಹೋಗಿತ್ತು.”

“ಅಯ್ಯೋ, ಜ್ವರ ಬಂದಿತ್ತಾ?”

“ಇಲ್ಲ. ಇನ್ನೊಂಚೂರು ಸಣ್ಣಗಿದ್ದಿದ್ರೆ ಇದಕ್ಕೂ ಕೊಡಬಹುದಿತ್ತು ಅಂತ ಹೋದ ಸಲ ಬಾಯಿ ತಪ್ಪಿ ಅಂದುಬಿಟ್ಟೆ. ಅವಳು ಅದರ ಹಾಲು ಕಮ್ಮಿ ಮಾಡಿದ್ದಾಳೆ.”



“ಬೈದ್ರಾ?”

“ಯಾವ ಬಾಯಲ್ಲಿ ಬೈಲಿ? ತಕ್ಕಡಿ ನೋಡಿ ಅವಳ ಮುಖ ಅರಳಿತು ಕಣೇ. ನೀವು ಹೇಳಿದ ಹಾಗೇ ಮಾಡಿದೀನಿ ಅಕ್ಕಾ ಅಂತ ನನ್ನ ಕೈ ಹಿಡ್ಕೊಂಡ್ಳು.”

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಹೊಲಿಗೆಯಾಕೆಯೂ ಅದೇ ಬಸ್ಸಿಗೆ ಹೋಗಬೇಕಿತ್ತು. ಅವಳು ಮುಂದಿನದಕ್ಕೆ ಕಾದಳು.