ಹಿಮ್ಮುಖವಾಗಿ ಓಡಿದ ಇಪ್ಪತ್ತನಾಲ್ಕು ಕುದುರೆಗಳು

ನಮ್ಮ ಆಟಿಕೆ ಇಟ್ಟಿಗೆ ಕೂಟದ ಅಧ್ಯಕ್ಷೆ ಶ್ರೀಮತಿ ವ್ಲಾಸ್ತಾ ಅವರೇ, ಉಪಮೇಯರ್ ಅವರೇ, ಮಾನ್ಯ ತೀರ್ಪುಗಾರರೇ, ಬೆಳಗಿನಿಂದ ಗಸಗಸೆ ತುಂಬಿದ ಸಿಹಿ ಬನ್ನು, ನಮ್ಮ ಕೊಲಾಚ್, ಬೇಯಿಸಿ ತಂದಿರುವ ಮಹಿಳೆಯರೇ, ಮತ್ತು ಅವು ಆರುವ ಮೊದಲು ಈ ಬೊಹುಮೀರನ ಭಾಷಣ ಮುಗಿಯಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿರುವ ಸಭಿಕರೇ,

ಈ ವಾರ್ಷಿಕೋತ್ಸವದಲ್ಲಿ ನನಗೆ ‘ಪ್ರೇಕ್ಷಕರ ಮೆಚ್ಚುಗೆ’ ಫಲಕ ಕೊಟ್ಟಿದ್ದೀರಿ. ಧನ್ಯವಾದಗಳು. ಈ ಫಲಕ ಯಾರಿಗೆ ಸಿಗುತ್ತದೆ ಎಂಬುದು ನಮ್ಮ ಕೂಟದಲ್ಲಿ ಯಾರಿಗೆ ಗೊತ್ತಿಲ್ಲ? ಬೇರೆ ಯಾವ ಬಹುಮಾನವೂ ಸಿಗದವನಿಗೆ. ಹೋದ ವರ್ಷ ಇದನ್ನು ಪಡೆದವರ ಸೇತುವೆ ಉದ್ಘಾಟನೆಯ ಹೊತ್ತಿಗೇ ಕುಸಿದಿತ್ತು. ಅಂಥ ಪರಂಪರೆಗೆ ನಾನೂ ಸೇರಿದ್ದೇನೆ.

ನಾನು ಕಟ್ಟಿದ್ದು ಒಂದು ಜಾತ್ರೆ ಮೈದಾನ. ಐದು ಮೀಟರ್ ಉದ್ದ, ಒಂದು ಲಕ್ಷದ ನಲವತ್ತು ಸಾವಿರ ಪ್ಲಾಸ್ಟಿಕ್ ಇಟ್ಟಿಗೆ, ಆರು ವರ್ಷ. ಜಯಂಟ್ ವೀಲ್, ದೆವ್ವದ ರೈಲು, ಗುರಿ ಹೊಡೆಯುವ ಅಂಗಡಿ, ನಡುಮಧ್ಯೆ ಕುದುರೆಗಳ ತಿರುಗಣಿ. ಆರು ವರ್ಷ ನಮ್ಮ ಮನೆಯಲ್ಲಿ ಊಟದ ಮೇಜು ಇರಲಿಲ್ಲ, ಇಸ್ತ್ರಿ ಹಲಗೆಯ ಮೇಲೆ ಉಂಡೆವು. ಒಂದು ಕ್ರಿಸ್‌ಮಸ್‌ಗೆ ಜೀವಂತ ಕಾರ್ಪ್ ಮೀನು ತಂದಾಗ ಹಬ್ಬದೂಟದವರೆಗೆ ಅದನ್ನು ಬಿಡಲು ಸ್ನಾನದ ತೊಟ್ಟಿಯಲ್ಲಿ ಜಾಗವಿರಲಿಲ್ಲ, ಅಲ್ಲಿ ನನ್ನ ಹಳೆಯ ಇಟ್ಟಿಗೆಗಳು ನೆನೆಯುತ್ತಿದ್ದವು. ಬಕೆಟ್‌ನಲ್ಲಿ ಮಡಚಿಕೊಂಡಿದ್ದ ಮೀನನ್ನು ನೋಡಿ ನನ್ನ ಹೆಂಡತಿ ದ್ರಾಹೊಮೀರಾ ಹೇಳಿದ್ದು: “ಈ ಮನೇಲಿ ಮೀನಿಗೂ ಜಾಗ ಇಲ್ಲ, ನಂಗೂ ಇಲ್ಲ. ಅದನ್ನ ನಾಳೆ ಕೊಯ್ತೀಯ. ನನ್ನ ಸರದಿ ಯಾವಾಗ ಅಂತ ಈಗ್ಲೇ ಹೇಳ್ಬಿಡು.”

ಇಷ್ಟೆಲ್ಲ ಯಾಕೆ? ಪತ್ರಿಕೆಯವರು ಕೇಳಿದಾಗ “ಮಕ್ಕಳ ಸಂತೋಷಕ್ಕಾಗಿ” ಎಂದಿದ್ದೆ. ಸುಳ್ಳು. ಮಕ್ಕಳು ಹತ್ತಿರ ಬಂದರೆ ನನಗೆ ರಕ್ತದೊತ್ತಡ ಏರುತ್ತದೆ. ನಾನು ಅದನ್ನು ಕಟ್ಟಿದ್ದು ಒಬ್ಬರು ನೋಡಲಿ ಎಂದು. ಅವರು ನನ್ನ ತಾಯಿ ಒಟಿಲಿಯೆ.

ನಮ್ಮಮ್ಮ ನಲವತ್ತು ವರ್ಷ ಊರೂರು ಸುತ್ತಿ ಕುದುರೆ ತಿರುಗಣಿ ನಡೆಸಿದವಳು. ನಾನು ಗಾಡಿಯಲ್ಲೇ ಹುಟ್ಟಿದೆ, ತಿರುಗಣಿಯ ಮೇಲೆಯೇ ನನಗೆ ಹಲ್ಲು ಬಂತು. ಹದಿನೆಂಟಕ್ಕೆ ಇಳಿದು ಓಡಿಹೋದೆ. ನೀರಿನ ಇಲಾಖೆ ಸೇರಿ ಜೀವಮಾನವಿಡೀ ಪರರ ಮೀಟರ್ ಓದಿದೆ. ವಹಿಸಿಕೊಳ್ಳುವವರಿಲ್ಲದೆ ಅಮ್ಮ ತಿರುಗಣಿಯನ್ನು ಮಾರಿದಳು. ಬೈಯಲಿಲ್ಲ. ಆದರೆ ಆಮೇಲೆ ನನ್ನೆದುರು ತಾನಾಗಿ ತಿರುಗಣಿಯ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪ್ರತಿ ವರ್ಷ ಕೂಟದ ಪ್ರದರ್ಶನಕ್ಕೆ ಕರೆಯುತ್ತಿದ್ದೆ, ಪ್ರತಿ ವರ್ಷ ಒಂದೇ ಉತ್ತರ: “ನಿಜವಾದ್ದನ್ನ ನಲವತ್ತು ವರ್ಷ ತಿರುಗಿಸಿದೀನಿ. ಬೊಂಬೆ ತಿರುಗೋದು ನೋಡೋಕೆ ಬಸ್ ಹತ್ಲಾ?”

ಕಳೆದ ತಿಂಗಳು ಇದೇ ಸೊಕೊಲ್ ಭವನದಲ್ಲಿ ನಮ್ಮ ಪ್ರದರ್ಶನ. ಎರಡನೆಯ ದಿನ ಹನ್ನೊಂದಕ್ಕೆ ತೀರ್ಪುಗಾರರು ಬರುವವರಿದ್ದರು. ನಾನು ಟೈ ಕಟ್ಟಿ, ಹಗ್ಗ ಎಳೆದು, ‘ಮುಟ್ಟಬೇಡಿ’ ಎಂದು ಮೂರು ಭಾಷೆಗಳಲ್ಲಿ ಬರೆದು ನಿಂತಿದ್ದೆ. ಹತ್ತೂವರೆಗೆ, ಹೇಳದೆ ಕೇಳದೆ, ಅಮ್ಮ ಬಂದಳು. ಎಂಬತ್ತನಾಲ್ಕರ ಮುದುಕಿ ಕೋಲಿನಿಂದ ಹಗ್ಗ ಎತ್ತಿ ಒಳಗೆ ನುಗ್ಗಿ, ತಿರುಗುತ್ತಿದ್ದ ತಿರುಗಣಿಯ ಮೇಲೆ ಬೆರಳಿಟ್ಟು ನಿಲ್ಲಿಸಿಬಿಟ್ಟಳು. ನಮ್ಮವರಲ್ಲಿ ಇನ್ನೊಬ್ಬರು ಕಟ್ಟಿದ್ದನ್ನು ಮುಟ್ಟುವುದೆಂದರೆ ಪರರ ತಟ್ಟೆಗೆ ಕೈ ಹಾಕಿದಂತೆ. ಸುತ್ತಲಿದ್ದ ನೀವೆಲ್ಲ ತಿರುಗಿ ನೋಡಿದಿರಿ.

“ಬೊಹುಶ್, ಇದು ಯಾವ ಕಡೆಗೆ ತಿರುಗ್ತಿದೆಯೋ?”

ನಾನು ಮೋಟಾರಿನ ಶಕ್ತಿ, ಹಲ್ಲುಚಕ್ರಗಳ ಲೆಕ್ಕ ಎಲ್ಲ ವಿವರಿಸತೊಡಗಿದೆ.

“ಮೋಟಾರ್ ಯಾರು ಕೇಳಿದ್ರು? ಯಾವ ಕಡೆಗೆ ಅಂದೆ.”

ಆಗ ಹೊಳೆಯಿತು. ನಕ್ಷೆಯನ್ನು ನಾನು ಒಬ್ಬ ಇಂಗ್ಲಿಷ್ ಹವ್ಯಾಸಿಯಿಂದ ತರಿಸಿಕೊಂಡಿದ್ದೆ. ಅವರ ಕುದುರೆಗಳು ಗಡಿಯಾರದ ಮುಳ್ಳಿನಂತೆ ಸುತ್ತುತ್ತವೆ, ನಮ್ಮವು ಅದಕ್ಕೆ ಎದುರು. ಹತ್ತು ಸಾವಿರ ಸಲ ಅದರ ಮೇಲೆ ಕೂತವನು ಯಾವ ಕಡೆಗೆ ಹೋಗುತ್ತಿದ್ದೆ ಎಂಬುದನ್ನೇ ಮರೆತಿದ್ದೆ! ಮೇಧಾವಿಯಂತೆ ಸ್ವಿಚ್ಚನ್ನು ವಿರುದ್ಧ ದಿಕ್ಕಿಗೆ ಒತ್ತಿದೆ. ಇಪ್ಪತ್ತನಾಲ್ಕೂ ಕುದುರೆಗಳು ಸವಾರರ ಸಮೇತ ಬಾಲ ಮುಂದಾಗಿ ನಾಗಾಲೋಟದಲ್ಲಿ ಓಡಿದವು. ನೀವೆಲ್ಲ ಹೊಟ್ಟೆ ಹಿಡಿದು ನಕ್ಕಿರಿ, ಉಪಮೇಯರ್ ಅವರೂ ನಕ್ಕರು, ನಾನು ನೋಡಿದ್ದೇನೆ.

ಅಮ್ಮ ಮಾತ್ರ ನಗಲಿಲ್ಲ. ಕುರ್ಚಿ ಎಳೆದು ಕೂತು ಮಡಿಲಲ್ಲಿ ಕರವಸ್ತ್ರ ಹಾಸಿಕೊಂಡಳು. “ಒಂದೊಂದಾಗಿ ಕಿತ್ತು ಕೊಡು. ತಿರುಗಿಸಿ ಕೂರಿಸೋಣ.”

ತೀರ್ಪುಗಾರರು ಬಂದಾಗ ನನ್ನ ಜಾತ್ರೆಯ ನಟ್ಟನಡುವೆ ಒಂದು ಬೋಳು ಕಂಬ, ಪಕ್ಕದಲ್ಲಿ ಮಡಿಲ ತುಂಬ ಕುದುರೆ ಹಾಕಿಕೊಂಡ ಮುದುಕಿ. ಇದೂ ಪ್ರದರ್ಶನದ ಭಾಗವೇ ಎಂದು ಅವರು ಕೇಳಿದರು. “ಮತ್ತಿನ್ನೇನು? ರಿಪೇರಿ ಇಲ್ದಿರೋ ಜಾತ್ರೆ ಎಲ್ಲಿ ಕಂಡಿದೀರಿ ಸ್ವಾಮೀ?” ಎಂದಳು ಅಮ್ಮ. ಮೊದಲ ಬಹುಮಾನ ಅಲ್ಲಿಗೆ ನನ್ನ ಕೈತಪ್ಪಿತು.

ಆಮೇಲೆ ಅವಳ ಕಣ್ಣು ಟಿಕೆಟ್ ಗೂಡಿನ ಮೇಲೆ ಬಿತ್ತು. “ಇದ್ರಲ್ಲಿ ಯಾರೂ ಇಲ್ವಲ್ಲೋ. ಎಲ್ರನ್ನೂ ಪುಕ್ಕಟೆ ಕೂರಿಸಿದೀಯಾ?”

ಸರಿಯಾದ ಬೊಂಬೆ ಸಿಗಲಿಲ್ಲ ಎಂದೆ. ಸಭಿಕರೇ, ನನ್ನ ಜಾತ್ರೆಯಲ್ಲಿ ಆರುನೂರು ಬೊಂಬೆಗಳಿವೆ. ಅಕಾರ್ಡಿಯನ್ ನುಡಿಸುವ ಕರಡಿಯೂ ಇದೆ. ಟಿಕೆಟ್ ಹರಿಯುವ ಒಬ್ಬ ಹೆಂಗಸು ಸಿಗಲಿಲ್ಲವೇ? ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಹೇಳಿಬಿಡುತ್ತೇನೆ.

ಜಾತ್ರೆಯ ಮಕ್ಕಳಿಗೆ ಎರಡು ವಾರಕ್ಕೊಂದು ಹೊಸ ಶಾಲೆ. ಹತ್ತು ವರ್ಷದವನಿದ್ದಾಗ ಒಂದೂರಿನಲ್ಲಿ ಹೊಸ ಸಹಪಾಠಿಗಳ ಜೊತೆ ನಮ್ಮದೇ ತಿರುಗಣಿಯ ಸಾಲಿನಲ್ಲಿ ನಿಂತಿದ್ದೆ. ಟಿಕೆಟ್ ಗೂಡಿನಲ್ಲಿ ಕೂತವರು ಯಾರು ಎಂದು ಒಬ್ಬ ಕೇಳಿದ. “ಯಾರೋ ಕೆಲಸದವಳು, ನಂಗೊತ್ತಿಲ್ಲ” ಎಂದೆ. ಅಮ್ಮ ಒಂದು ಗೇಣು ದೂರದಲ್ಲಿ, ಗಾಜಿನ ಹಿಂದಿದ್ದಳು. ಎಲ್ಲರಿಗೂ ಕೊಟ್ಟಂತೆ ನನಗೂ ಟಿಕೆಟ್ ಹರಿದು ಕೊಟ್ಟು, “ಗಟ್ಟಿಯಾಗಿ ಹಿಡ್ಕೋ ಮರಿ” ಎಂದಳು. ಗಾಜಿನಿಂದಾಗಿ ಕೇಳಿಸಿರಲಿಕ್ಕಿಲ್ಲ ಎಂದು ಐವತ್ತೊಂದು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ.

ಅವತ್ತು ಈ ಸಭಾಂಗಣದಲ್ಲಿ, ಕೈಯಲ್ಲೊಂದು ಪ್ಲಾಸ್ಟಿಕ್ ಕುದುರೆ ಹಿಡಿದುಕೊಂಡು ಕೇಳಿದೆ: “ಅಮ್ಮಾ, ಆ ಊರಲ್ಲಿ ನಾನಂದಿದ್ದು ನಿಂಗೆ ಕೇಳಿಸಿತ್ತಾ?”

ಯಾವ ಊರು ಎಂದು ಅವಳು ಕೇಳಲಿಲ್ಲ. ತಲೆಯೆತ್ತದೆ ಹೇಳಿದಳು: “ಕೇಳಿಸ್ತು. ನಿಮ್ಮಪ್ಪನಿಗೆ ಹೇಳ್ಲಿಲ್ಲ. ಹೇಳಿದ್ರೆ ನಿನ್ನ ಚರ್ಮ ಸುಲೀತಿದ್ದ. ಹೂಂ, ಮುಂದಿನ ಕುದುರೆ ಕೊಡು.”

ಕೊಟ್ಟೆ. ಕಣ್ಣು ಮಂಜಾಗಿ ಎರಡು ಸಲ ತಪ್ಪು ಕುದುರೆ ಕೊಟ್ಟು ಬೈಸಿಕೊಂಡೆ.

ಸಭಿಕರೇ, ಮೂರನೆಯ ಸಾಲಿನಲ್ಲಿ ಹಸಿರು ತಲೆವಸ್ತ್ರ ಕಟ್ಟಿಕೊಂಡು, ಇನ್ನು ಸಾಕು ಇಳಿ ಎಂದು ನನಗೆ ಕೋಲು ತೋರಿಸುತ್ತಿರುವ ಒಬ್ಬರಿದ್ದಾರೆ. ಅವರು ಯಾರೆಂದು ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಆದರೂ ಹೇಳುತ್ತೇನೆ, ಈ ಮೈಕಿನಲ್ಲಿ ಹೇಳುತ್ತೇನೆ. ಅವರು ನನ್ನ ತಾಯಿ.

ಕೊಲಾಚ್ ಆರಿಹೋಗಿದ್ದರೆ ಕ್ಷಮಿಸಿ. ಕೂತು ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.